ನೀರು ಹುಯ್ಯಿಸಿಕೊಂಡವರು

ಕಸ್ತೂರಿಯ ಮನೆಯಲ್ಲಿ ಯಾರೂ ಬಳಸದ ಒಂದು ಕತ್ತರಿ ಇತ್ತು. ಕೂದಲು ಕತ್ತರಿಸುವ ಉದ್ದನೆಯ, ತೆಳ್ಳನೆಯ ಕತ್ತರಿ. ಪರ್ತ್‌ನಿಂದ ಬ್ರಿಸ್ಬೇನಿಗೆ, ಬ್ರಿಸ್ಬೇನಿನಿಂದ ಅಡಿಲೇಡಿಗೆ ಸಾಮಾನು ಸಾಗಿಸಿದಾಗಲೆಲ್ಲ ಅದೂ ಜೊತೆಗೆ ಹೋಯಿತು. ಅದು ಆ ಮನೆಗೆ ಬಂದದ್ದು ಒಂದು ತಪ್ಪಿನಿಂದ.

೧೯೭೪ರಲ್ಲಿ ಅವರು ಪರ್ತ್‌ನ ಬೆಂಟ್ಲಿಯಲ್ಲಿದ್ದರು. ಗಂಡ ಉಮಾಕಾಂತ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮಗಳು ಮೈತ್ರೇಯಿ ಇನ್ನೂ ತೊಟ್ಟಿಲಿನ ಕೂಸು. ಪಕ್ಕದ ಮನೆಯ ಶರ್ಲಿ ಎಂಬ ಹಿರಿಯ ಹೆಂಗಸು ಶನಿವಾರದ ದಿನ ಬೇಲಿಯ ಮೇಲಿಂದ ಕತ್ತು ಚಾಚಿ, ಡಾಕ್ಟರು ಎಲ್ಲಿ ಎಂದು ಕೇಳುತ್ತಿದ್ದಳು. ತಿಂಗಳಿಗೊಂದು ಶನಿವಾರ ಉಮಾಕಾಂತ ಕಟಿಂಗ್ ಮಾಡಿಸಿಕೊಳ್ಳಲು ಹೋಗುತ್ತಿದ್ದ. ಕಸ್ತೂರಿ ಆ ಮಾತನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, "ಹೀ ಈಸ್ ಕಟಿಂಗ್ ಹಿಸ್ ಹೇರ್" ಎಂದು ನಗುತ್ತಿದ್ದಳು. ಸಂಜೆ ನೋಡಿದರೆ ಡಾಕ್ಟರ ತಲೆ ಅಚ್ಚುಕಟ್ಟಾಗಿರುತ್ತಿತ್ತು. ಇಂಡಿಯಾದ ಡಾಕ್ಟರು ತನ್ನ ತಲೆಗೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ, ಹಿಂಭಾಗವನ್ನೂ ಕೂಡ, ಎಂದು ಶರ್ಲಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ವರ್ಷ ಕ್ರಿಸ್‌ಮಸ್‌ಗೆ ಅವನಿಗೆ ಆ ಕತ್ತರಿಯನ್ನೂ ಒಂದು ಕೈಗನ್ನಡಿಯನ್ನೂ ಬಣ್ಣದ ಕಾಗದದಲ್ಲಿ ಸುತ್ತಿ ತಂದುಕೊಟ್ಟಳು.

ವಿಷಯ ತಿಳಿದ ಮೇಲೆ ಶರ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಲವ್, ಹಾಗಲ್ಲ. ಹೀ ಈಸ್ ಹ್ಯಾವಿಂಗ್ ಹಿಸ್ ಹೇರ್ ಕಟ್" ಎಂದು ಬಿಡಿಸಿ ಹೇಳಿಕೊಟ್ಟಳು.

ಉಮಾಕಾಂತ ಕನ್ನಡಿ ಹಿಡಿದು ತನ್ನ ಹಿಂದಲೆ ನೋಡಿಕೊಳ್ಳುತ್ತಾ, "ಅಂತೂ ನನ್ನ ಕೈಗೆ ಕತ್ತರಿ ಕೊಡಿಸ್ಬಿಟ್ಟೆ" ಎಂದ.

"ಕೊಡಿಸ್ದೆ ಅಂತೀರಲ್ಲ, ಅದನ್ನ ಇಂಗ್ಲಿಷ್ನಲ್ಲಿ ಹೇಳಿ ನೋಡೋಣ" ಎಂದಳು ಕಸ್ತೂರಿ.

ಉಮಾಕಾಂತ "ಯೂ ಮೇಡ್ ಹರ್..." ಎಂದು ಶುರುಮಾಡಿ, ಅಲ್ಲಿಗೇ ಬಿಟ್ಟು ಕನ್ನಡಿಯನ್ನು ಕೆಳಗಿಟ್ಟ.

ಕಸ್ತೂರಿ ತಿರುಮಕೂಡಲಿನ ಕಡೆಯ ಒಂದು ಹಳ್ಳಿಯವಳು. ಅವಳ ಮನೆಯಲ್ಲಿ ಹೈಸ್ಕೂಲು ದಾಟಿದವಳು ಅವಳೊಬ್ಬಳೇ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದ್ದಳು. ಆದರೆ ಪರ್ತ್‌ನಲ್ಲಿ ಆ ಡಿಗ್ರಿಯನ್ನು ಮೇಜಿನ ಮೇಲಿಟ್ಟಾಗ ಯೂನಿವರ್ಸಿಟಿಯ ಗುಮಾಸ್ತ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಹೆಚ್ಚೆಂದರೆ ಒಂದು ವರ್ಷದ ಓದಿಗೆ ಸಮ ಎಂದುಬಿಟ್ಟ. ಅವಳಿಗೆ ಕೋಪ ಬರಲಿಲ್ಲ, ಛಲ ಬಂತು. ಆಗ ಅಲ್ಲಿ ಯೂನಿವರ್ಸಿಟಿಗೆ ಫೀಸು ಇರಲಿಲ್ಲ. ೧೯೭೬ರಲ್ಲಿ ಬುಧವಾರ ಸಂಜೆಯ ತರಗತಿಗೆ ಸೇರಿದಳು. ವಿಷಯ, ಧರ್ಮಗಳ ಇತಿಹಾಸ. ಬುಧವಾರ ಶರ್ಲಿಗೆ ಬಿಡುವು, ಮಗುವನ್ನು ನೋಡಿಕೊಳ್ಳುತ್ತಾಳೆ ಎಂಬುದೇ ಅದನ್ನು ಆರಿಸಿಕೊಂಡದ್ದಕ್ಕೆ ಮೊದಲ ಕಾರಣ. ಎರಡನೆಯ ತಿಂಗಳಿಗೆ ಕಾರಣ ಬೇಕಾಗಲಿಲ್ಲ. ಬಸ್ಸಿನಲ್ಲಿ ಓದುತ್ತಾ ಮೂರು ಸಲ ಇಳಿಯುವ ಸ್ಟಾಪು ದಾಟಿ ಹೋಗಿದ್ದಳು.

ಅವಳಿಗೊಂದು ಕೊರತೆ ಇತ್ತು, ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ದೀಪಾವಳಿಯ ಬೆಳಿಗ್ಗೆ ಗಂಡನಿಗೆ, ಮಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುತ್ತಿದ್ದಳು. ಕೊನೆಗೆ ತಾನೇ ಚೊಂಬು ಹಿಡಿದು ಹುಯ್ದುಕೊಳ್ಳುತ್ತಿದ್ದಳು. ಊರಿನಲ್ಲಿ ಯಾರೂ ಹಬ್ಬದ ದಿನ ತಮ್ಮ ತಲೆಗೆ ತಾವೇ ನೀರು ಹುಯ್ದುಕೊಳ್ಳುತ್ತಿರಲಿಲ್ಲ. ಉಮಾಕಾಂತ ಒಂದು ವರ್ಷ ತಾನು ಹುಯ್ಯುತ್ತೇನೆಂದು ಬಂದು, ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂದು ಓಡಿದ್ದ.

೧೯೭೯ರಲ್ಲಿ ಉಮಾಕಾಂತನಿಗೆ ಬ್ರಿಸ್ಬೇನಿನಲ್ಲಿ ಕೆಲಸವಾಯಿತು. ಟೂವಾಂಗ್‌ನಲ್ಲಿ ಕಂಬಗಳ ಮೇಲೆ ನಿಂತ ಮರದ ಬಾಡಿಗೆ ಮನೆ. ಹೊಸ ಯೂನಿವರ್ಸಿಟಿಯವರು ಪರ್ತ್‌ನಲ್ಲಿ ಅವಳು ಪಾಸು ಮಾಡಿದ್ದರಲ್ಲಿ ಅರ್ಧವನ್ನಷ್ಟೇ ಒಪ್ಪಿಕೊಂಡರು. ಜೊತೆಗೆ ಗ್ರೀಕ್ ಭಾಷೆ ಬೇಕೇ ಬೇಕು ಎಂದರು. ಕಸ್ತೂರಿ ಫ್ರಿಜ್ಜಿನ ಬಾಗಿಲಿನ ಮೇಲೆ ಎಡಕ್ಕೆ ಮಗಳಿಗಾಗಿ ಕನ್ನಡದ ಅಕ್ಷರಗಳನ್ನೂ ಬಲಕ್ಕೆ ತನಗಾಗಿ ಗ್ರೀಕ್ ಅಕ್ಷರಗಳನ್ನೂ ಅಂಟಿಸಿದಳು. ಆರು ತಿಂಗಳಲ್ಲಿ ಮೈತ್ರೇಯಿ ಬಲಗಡೆಯದನ್ನು ಪೂರ್ತಿ ಕಲಿತಿದ್ದಳು. ಎಡಗಡೆಯದರಲ್ಲಿ 'ಋ' ದಾಟಿರಲಿಲ್ಲ.

ಅಲ್ಲಿ ಸಿಕ್ಕಿದವರು ಇಂದಿರಾ ಕರ್ಕಡ. ಮಕ್ಕಳ ಡಾಕ್ಟರು, ಮಂಗಳೂರಿನ ಪ್ರೊಟೆಸ್ಟೆಂಟ್ ಕ್ರೈಸ್ತರ ಮನೆತನ, ಓದಿದ್ದು ಮೈಸೂರಿನಲ್ಲಿ. ಭಾನುವಾರ ಚರ್ಚು ಮುಗಿಸಿ ನೇರವಾಗಿ ಕಸ್ತೂರಿಯ ಮನೆಗೆ ಉಪ್ಪಿಟ್ಟಿಗೆ ಬರುತ್ತಿದ್ದರು. ಕಸ್ತೂರಿ ಆಗ ಯೋಹಾನನ ಬಗ್ಗೆ ಓದುತ್ತಿದ್ದಳು. ಒಂಟೆಯ ಕೂದಲಿನ ಬಟ್ಟೆ ತೊಟ್ಟು, ಮಿಡತೆ ತಿಂದುಕೊಂಡು, ಯೊರ್ದಾನ್ ನದಿಯ ದಂಡೆಯಲ್ಲಿ ಜನರನ್ನು ಪಶ್ಚಾತ್ತಾಪಕ್ಕೆ ಕರೆದ ಪ್ರವಾದಿ. ಅವನ ಬಳಿ ಬಂದವರಿಗೆ ಆ ನದಿಯಲ್ಲೇ ದೀಕ್ಷಾಸ್ನಾನ. ಯೆಹೂದಿಗಳ ಪ್ರವಾದಿಗಳಲ್ಲಿ ಕೊನೆಯವನೋ, ಕ್ರೈಸ್ತರ ದಾರಿಗೆ ಮೊದಲನೆಯವನೋ ಎಂದು ವಿದ್ವಾಂಸರು ಅವನನ್ನು ಎರಡೂ ಕಡೆಯಿಂದ ಎಳೆದಾಡುತ್ತಿದ್ದರು. ಇಂದಿರಾ ತಮ್ಮ ಅಜ್ಜನ ಕಾಲದ, ಕಪ್ಪು ರಟ್ಟಿನ ಕನ್ನಡ ಸುವಾರ್ತೆಯ ಪುಸ್ತಕವೊಂದನ್ನು ತಂದುಕೊಟ್ಟರು. ಅದರಲ್ಲಿ ಅವನ ಹೆಸರು ಸ್ನಾನಿಕ ಯೋಹಾನ.

"ಇಂದಿರಾ ಅವ್ರೇ, ಸ್ನಾನಿಕ ಅಂದ್ರೆ ಸ್ನಾನ ಮಾಡೋನಾ, ಮಾಡ್ಸೋನಾ?" ಎಂದು ಕಸ್ತೂರಿ ಕೇಳಿದಳು.

ಇಂದಿರಾ ಉಪ್ಪಿಟ್ಟಿನ ಚಮಚವನ್ನು ಅರ್ಧದಲ್ಲೇ ನಿಲ್ಲಿಸಿದರು. "ಹುಟ್ಟಿದಾಗಿಂದ ಕೇಳ್ತಿದೀನಿ, ಒಂದು ದಿನಾನೂ ಯೋಚ್ನೆ ಮಾಡಿಲ್ಲ ನೋಡಿ. ನಮ್ಮಜ್ಜ ಮಿಶನ್ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ರು. ಅವ್ರನ್ನ ಕೇಳ್ಬೇಕಿತ್ತು."

"ನಮ್ಮೂರಲ್ಲಿ ನೀರು ಹುಯ್ಯೋ ನಂಜಮ್ಮ ಅಂತ ಒಬ್ರಿದ್ರು. ಯಾರ ಮನೇಲಿ ಹೆರಿಗೆ ಆದ್ರೂ ಬಾಣಂತಿಗೆ, ಮಗೂಗೆ ಅವ್ರೇ ನೀರು ಹುಯ್ಬೇಕು. ಎಲ್ರೂ ದಿನಾ ಸ್ನಾನ ಮಾಡೋರೇ. ಆದ್ರೆ ಆ ಹೆಸ್ರು ಅವ್ರೊಬ್ರಿಗೇ. ಇವನೂ ಹಂಗೇ ಏನೋ."

"ನಮ್ಮ ಪ್ರವಾದೀನ ತಗೊಂಡ್ಹೋಗಿ ಬಾಣಂತಿ ಕೋಣೇಲಿ ಕೂರಿಸ್ಬಿಟ್ರಲ್ರೀ" ಎಂದು ಇಂದಿರಾ ನಕ್ಕರು. ನಗು ಮುಗಿದ ಮೇಲೆ, "ಇನ್ನೊಂದ್ಸಲ ಹೇಳಿ ಅದನ್ನ" ಎಂದರು.

ಕಸ್ತೂರಿ ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಳು. ಆ ಹಾಳೆಯಲ್ಲಿ ಆಗಲೇ ದಿನಸಿಯ ಪಟ್ಟಿ ಇತ್ತು.

೧೯೮೩ರಲ್ಲಿ ಮತ್ತೆ ಸಾಮಾನು ಕಟ್ಟಿದರು. ಈ ಸಲ ಅಡಿಲೇಡು, ಸಮುದ್ರದ ದಂಡೆಯ ಗ್ಲೆನೆಲ್ಗ್. ಟ್ರಾಮು ಹತ್ತಿದರೆ ಅರ್ಧ ಗಂಟೆಯಲ್ಲಿ ಪೇಟೆ. ಅಲ್ಲಿನ ಯೂನಿವರ್ಸಿಟಿಯವರು ಹಳೆಯ ಪಾಸುಗಳನ್ನೆಲ್ಲ ಒಪ್ಪಿಕೊಂಡರು, ಆದರೆ ಒಂದು ನಿಯಮ ಹೇಳಿದರು. ತರಗತಿಗೆ ಸೇರಿದ ದಿನದಿಂದ ಹತ್ತು ವರ್ಷ ದಾಟಿದ ಪಾಸು ಊರ್ಜಿತವಲ್ಲ. ಅಂದರೆ ೧೯೮೫ರ ಕೊನೆಯೊಳಗೆ ಡಿಗ್ರಿ ಮುಗಿಯಬೇಕು. ಇಲ್ಲದಿದ್ದರೆ ಪರ್ತ್‌ನ ಬುಧವಾರಗಳು, ಬ್ರಿಸ್ಬೇನಿನ ಗ್ರೀಕ್ ಎಲ್ಲವೂ ಒಂದೊಂದಾಗಿ ಉದುರುತ್ತವೆ. ಉಳಿದದ್ದು ಒಂದೇ ಮೆಟ್ಟಿಲು, ಒಂದು ದೀರ್ಘ ಪ್ರಬಂಧ. ಅದನ್ನು ಇಬ್ಬರು ಪರೀಕ್ಷಕರು ಓದುತ್ತಾರೆ, ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ, ಇಬ್ಬರೂ ಒಪ್ಪಬೇಕು.

ಇಬ್ಬರೂ ಒಪ್ಪುವುದೇ ಕಷ್ಟವಾಗಿತ್ತು, ಏಕೆಂದರೆ ಅವರಿಬ್ಬರು ಹದಿನೈದು ವರ್ಷದಿಂದ ಯಾವುದನ್ನೂ ಒಟ್ಟಿಗೆ ಒಪ್ಪಿದವರಲ್ಲ. ಒಬ್ಬರು ಡಾ. ಹೆನ್ರಿ ಕ್ರೂಗರ್, ಜರ್ಮನ್ ಮೂಲದ ಲುಥೆರನ್ ಮನೆಯವರು, ಎತ್ತರದ ಆಳು. ಯೋಹಾನ ಜನರನ್ನು ತನ್ನ ಕೈಯಿಂದಲೇ ನೀರಿನಲ್ಲಿ ಮುಳುಗಿಸಿದ, ಅದಕ್ಕೇ ಅವನಿಗೆ ಸ್ನಾನಿಕ ಎಂಬ ಬಿರುದು, ಯೆಹೂದಿಗಳಲ್ಲಿ ಹಾಗೆ ಮಾಡಿದವರು ಹಿಂದೆ ಇರಲಿಲ್ಲ ಎಂಬುದು ಅವರ ವಾದ. ಇನ್ನೊಬ್ಬರು ಡಾ. ಮಿರಿಯಮ್ ಆಡ್ಲರ್, ಯೆಹೂದಿ ಮಹಿಳೆ, ಕುಳ್ಳಗೆ, ಚುರುಕಾಗಿ, ಕೊರಳಲ್ಲಿ ಕನ್ನಡಕ ನೇತುಹಾಕಿಕೊಂಡಿರುತ್ತಿದ್ದರು. ಯೆಹೂದಿ ಪದ್ಧತಿಯಲ್ಲಿ ಮುಳುಗುವವರು ತಾವೇ ಮುಳುಗುತ್ತಾರೆ, ಇನ್ನೊಬ್ಬರು ದಡದಲ್ಲಿ ನಿಂತು ಸಾಕ್ಷಿಯಾಗುತ್ತಾರೆ ಅಷ್ಟೆ, ಯೋಹಾನ ಮಾಡಿದ್ದೂ ಅದನ್ನೇ ಎಂಬುದು ಅವರ ವಾದ. ಬಹಳ ಹಳೆಯದೊಂದು ಗ್ರೀಕ್ ಹಸ್ತಪ್ರತಿಯಲ್ಲಿ ಒಂದು ಕಡೆ 'ಅವನಿಂದ' ಎನ್ನುವ ಬದಲು 'ಅವನ ಮುಂದೆ' ಎಂದೇ ಇದೆ ಎಂಬುದನ್ನು ಅವರು ಕಾಫಿ ಕುಡಿಯುವಾಗಲೂ ನೆನಪಿಸುತ್ತಿದ್ದರು.

ಕಸ್ತೂರಿ ಬೇರೆ ವಿಷಯ ಆರಿಸಿಕೊಳ್ಳಬಹುದಿತ್ತು. ಉಮಾಕಾಂತನೂ ಹಾಗೇ ಹೇಳಿದ. "ಇಬ್ರು ಜಗಳ ಆಡೋ ಜಾಗಕ್ಕೇ ಹೋಗಿ ಮಧ್ಯ ಯಾಕೆ ನಿಂತ್ಕೋತೀಯ? ಸುಮ್ನೆ ಅವ್ನ ಮಿಡತೆ ಬಗ್ಗೆ ಬರಿ."

"ಮಿಡತೆ ಬಗ್ಗೆ ನನಗೇನ್ರೀ ಗೊತ್ತು? ನೀರು ಹುಯ್ಯೋದು ಗೊತ್ತು."

ಅವಳು ಎರಡು ವರ್ಷ ಬರೆದಳು. ಅಡುಗೆಮನೆಯ ಮೇಜಿನ ಮೇಲೆ ಬರೆದಳು, ಟ್ರಾಮಿನಲ್ಲಿ ತಿದ್ದಿದಳು. ಗ್ರೀಕ್ ಕ್ರಿಯಾಪದದ ಒಂದೊಂದು ರೂಪವನ್ನೂ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗಳಲ್ಲಿ ವಿಂಗಡಿಸಿಟ್ಟಳು. ಬಿಸ್ಕತ್ತು ಹುಡುಕಿಕೊಂಡು ಬಂದ ಮೈತ್ರೇಯಿ ಪ್ರತಿಸಲವೂ ಬೇಸರಪಟ್ಟಳು. "ಅಮ್ಮಾ, ದಿಸ್ ಒನ್ ಇಸ್ ಆಲ್ಸೋ ವರ್ಬ್ಸ್."

ಅಕ್ಟೋಬರಿನ ಕೊನೆಯ ಗುರುವಾರ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೇಳಬಹುದಾಗಿತ್ತು. ಉಮಾಕಾಂತ ರಜೆ ಹಾಕಿ, ಬೆಳಿಗ್ಗೆ ಜೆಟ್ಟಿ ರಸ್ತೆಯಲ್ಲಿ ಕಟಿಂಗ್ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತ. ಇಂದಿರಾ ಬ್ರಿಸ್ಬೇನಿನಿಂದ ಫೋನು ಮಾಡಿ, "ಹೆದ್ರಬೇಡಿ, ಅವ್ರಿಬ್ರಿಗೂ ಕನ್ನಡ ಬರಲ್ಲ" ಎಂದಿದ್ದರು. ಅದರಿಂದ ಹೇಗೆ ಧೈರ್ಯ ಬರಬೇಕು ಎಂದು ಕಸ್ತೂರಿಗೆ ತಿಳಿದಿರಲಿಲ್ಲ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಡಾ. ಕ್ರೂಗರ್ ಪ್ರಬಂಧವನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟರು.

"ಮಿಸೆಸ್ ಉಮಾಕಾಂತ, ನೂರಿಪ್ಪತ್ತು ಪುಟ ಓದಿದೆ. ಒಂದೇ ಒಂದು ಪ್ರಶ್ನೆ. ಮುಳುಗಿಸಿದ್ದು ಯಾರು? ಅವನೋ, ಅವರೋ?"

"ಈ ಒಂದು ವಿಷಯದಲ್ಲಿ ನನ್ನದೂ ಅದೇ ಪ್ರಶ್ನೆ" ಎಂದರು ಡಾ. ಆಡ್ಲರ್. "ಹೆನ್ರಿ ಮತ್ತು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೇವೆ. ಬರೆದಿಟ್ಟುಕೊಳ್ಳಿ, ಇದು ಮತ್ತೆ ಆಗುವುದಿಲ್ಲ."

ಅವನು ಎಂದರೆ ಒಬ್ಬರ ಸಹಿ ಹೋಯಿತು, ಅವರು ಎಂದರೆ ಇನ್ನೊಬ್ಬರದು. ಬರೆಯುವಾಗ ಸಲೀಸಾಗಿ ಬಂದಿದ್ದ ಇಂಗ್ಲಿಷು ಈಗ ಒಂದು ಮಾತಿಗೂ ಸಿಗಲಿಲ್ಲ. ಕಸ್ತೂರಿ ಕಣ್ಣೆತ್ತಿದಳು. ಎದುರಿಗೆ ಹಿಂದಿನ ಸಾಲಿನಲ್ಲಿ ಗಂಡನ ತಲೆ ಕಾಣಿಸಿತು. ಆಗ ತಾನೇ ಕೂದಲು ಕತ್ತರಿಸಿದ, ಕಿವಿಯ ಸುತ್ತ ಬಿಳಿಯ ಗೆರೆ ಕಾಣುವ ತಲೆ.

"ನನ್ನ ಗಂಡ ಈ ಬೆಳಿಗ್ಗೆ ತಮ್ಮ ಕೂದಲು ಕತ್ತರಿಸಿದರು" ಎಂದಳು, ಹನ್ನೊಂದು ವರ್ಷದ ಹಿಂದಿನ ಅದೇ ತಪ್ಪು ಇಂಗ್ಲಿಷಿನಲ್ಲಿ.

ಪರೀಕ್ಷಕರಿಬ್ಬರೂ ತಿರುಗಿ ನೋಡಿದರು. ಉಮಾಕಾಂತ ಕೈಯೆತ್ತಿ ತಲೆ ಸವರಿಕೊಂಡ.

"ಅವರೇ ಕತ್ತರಿಸಿಕೊಂಡರೇ?" ಎಂದರು ಕ್ರೂಗರ್.

"ಇಲ್ಲ, ಕ್ಷೌರಿಕ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಹೀಗೇ ಹೇಳುತ್ತಿದ್ದೆ. ನೆರೆಯವಳು ಇವರಿಗೆ ಕತ್ತರಿ ಉಡುಗೊರೆ ಕೊಟ್ಟಳು. ತಪ್ಪು ನನ್ನದು. ಆದರೆ ಆ ತಪ್ಪು ನನ್ನ ಭಾಷೆಯಿಂದ ಬಂದದ್ದು. ತೋರಿಸಲೇ?"

ಅವಳು ಎದ್ದುಹೋಗಿ ಹಲಗೆಯ ಮೇಲೆ ಕನ್ನಡದಲ್ಲಿ ಮೂರು ಮಾತು ಬರೆದಳು. ಹುಯ್ದರು. ಹುಯ್ದುಕೊಂಡರು. ಹುಯ್ಯಿಸಿಕೊಂಡರು. ಸೀಮೆಸುಣ್ಣ ಕೈಯಲ್ಲಿ ಬಂದದ್ದೇ ತಡ, ಹೆದರಿಕೆ ಹೋಯಿತು. ಮೊದಲನೆಯದು ಇನ್ನೊಬ್ಬರ ತಲೆಗೆ ನೀರು ಹುಯ್ಯುವುದು ಎಂದಳು. ಎರಡನೆಯದು ತನ್ನ ತಲೆಗೆ ತಾನೇ. ಮೂರನೆಯದರಲ್ಲಿ ಚೊಂಬು ಹಿಡಿದ ಕೈ ಇನ್ನೊಬ್ಬರದು, ಆದರೂ ಕ್ರಿಯೆ ತಲೆ ಒಡ್ಡಿದವನದು. ಅವನೇ ಬಂದ, ಅವನೇ ಬಗ್ಗಿದ, ಅವನಿಗೇ ಬೇಕಾಗಿತ್ತು. ವಾಕ್ಯದಲ್ಲಿ ಕರ್ತೃ ಅವನೇ.

"ಕೈ ಯಾರದು ಎಂದು ನೀವು ಕೇಳುತ್ತೀರಿ" ಎಂದು ಕ್ರೂಗರರಿಗೆ ಹೇಳಿದಳು. ಆಡ್ಲರ್ ಕಡೆ ತಿರುಗಿ, "ಮನಸ್ಸು ಯಾರದು ಎಂದು ನೀವು ಕೇಳುತ್ತೀರಿ. ಕನ್ನಡಕ್ಕೆ ಈ ಕಥೆಯನ್ನು ತಂದವರು ಮೂರನೆಯ ರೂಪವನ್ನೇ ಹಾಕಿದ್ದಾರೆ. ಸ್ನಾನ ಮಾಡಿಸಿಕೊಂಡರು ಎಂದು. ಅದರಲ್ಲಿ ಇಬ್ಬರಿಗೂ ಜಾಗವಿದೆ" ಎಂದಳು.

ಡಾ. ಆಡ್ಲರ್ ಕನ್ನಡಕ ಏರಿಸಿಕೊಂಡು ಹಲಗೆಯ ಹತ್ತಿರಕ್ಕೇ ಹೋದರು. "ಈ ಮೂರನೆಯದರಲ್ಲಿ 'ಅವನಿಂದ' ಎನ್ನಲೇಬೇಕೇ?"

"ಬೇಕಿಲ್ಲ. ಹೇಳಬಹುದು, ಬಿಡಲೂಬಹುದು."

"ಕೇಳಿದಿರಾ ಹೆನ್ರಿ, ಬಿಡಬಹುದಂತೆ."

"ಹೇಳಬಹುದು ಎಂದದ್ದೂ ಕೇಳಿಸಿತು ಮಿರಿಯಮ್. ಹಾಗಾದರೆ ಬಿರುದು? ಎಲ್ಲರೂ ತಾವೇ ಮುಳುಗುವುದಾದರೆ ಒಬ್ಬನಿಗೆ ಮಾತ್ರ ಆ ಹೆಸರೇಕೆ?"

ಆಗ ಕಸ್ತೂರಿ ನೀರು ಹುಯ್ಯೋ ನಂಜಮ್ಮನ ಕಥೆ ಹೇಳಿದಳು. ನಂಜಮ್ಮ ಬರುವವರೆಗೆ ಬಾಣಂತಿ ಕಾದು ಕೂರುತ್ತಿದ್ದದ್ದು, ನೀರಿನ ಹದವನ್ನು ಅವರು ಮೊಣಕೈ ಅದ್ದಿ ನೋಡುತ್ತಿದ್ದದ್ದು, ಅವರ ಕೈಯ ನೀರು ಬಿದ್ದ ಮೇಲೆಯೇ ಬಾಣಂತಿ ಮತ್ತೆ ಮನೆಯ ಒಳಗಿನವಳಾಗುತ್ತಿದ್ದದ್ದು. ಐದು ಮಿನಿಟಿನ ಮಾತು ಹದಿನೈದು ಮಿನಿಟಾಯಿತು. ಕ್ರೂಗರ್ ತಮ್ಮ ಅಜ್ಜಿಯೂ ಮೊಣಕೈಯನ್ನೇ ಅದ್ದುತ್ತಿದ್ದಳು ಎಂದರು.

"ಆದರೆ ಇದರಿಂದ ಗ್ರೀಕಿನ ಮಾತು ಸಾಬೀತಾಗುವುದಿಲ್ಲ, ಅಲ್ಲವೇ?" ಎಂದು ಕೊನೆಗೆ ಅವರೇ ಮೆಲ್ಲಗೆ ಕೇಳಿದರು.

ಕಸ್ತೂರಿ ಸೀಮೆಸುಣ್ಣ ಕೆಳಗಿಟ್ಟಳು. ಸಾಬೀತಾಗುತ್ತದೆ ಎಂದುಬಿಡಬಹುದು ಎನ್ನಿಸಿತು, ಆದರೆ ಬಿಸ್ಕತ್ತಿನ ಡಬ್ಬಿಗಳು ನೆನಪಾದವು. "ಇಲ್ಲ ಸಾರ್, ಸಾಬೀತಾಗುವುದಿಲ್ಲ. ತೊಂಬತ್ತನೆಯ ಪುಟದ ಅಡಿಟಿಪ್ಪಣಿಯಲ್ಲಿ ಹಾಗೆಂದೇ ಬರೆದಿದ್ದೇನೆ. ಇರುವುದು ಎರಡೇ ದಾರಿ ಎಂದು ನಾವು ಸುಮ್ಮನೆ ನಂಬಿಕೊಂಡಿದ್ದೇವೆ ಎಂಬುದಷ್ಟೇ ಸಾಬೀತಾಗುತ್ತದೆ."

ಇಬ್ಬರೂ ಪುಟ ತಿರುಗಿಸಿ ಅಡಿಟಿಪ್ಪಣಿ ಹುಡುಕಿದರು. ಫಲಿತಾಂಶ ಅಂಚೆಯಲ್ಲಿ ಬರುತ್ತದೆ ಎಂದು ಕಳಿಸಿದರು.

ಟ್ರಾಮಿನಲ್ಲಿ ಉಮಾಕಾಂತ, "ನನ್ನ ತಲೆ ಉಪಯೋಗಕ್ಕೆ ಬಂತಲ್ಲ" ಎಂದ.

"ಒಳಗಿಂದಲ್ಲ, ಹೊರಗಿಂದು" ಎಂದಳು ಕಸ್ತೂರಿ.

ಎಂಟು ದಿನ ಅವಳು ಅಂಚೆಯವನನ್ನು ಕಾದಳು. ನವೆಂಬರಿನಲ್ಲಿ, ದೀಪಾವಳಿಗೆ ಮೂರು ದಿನವಿರುವಾಗ ಲಕೋಟೆ ಬಂತು. ಒಡೆಯಲು ಕೈ ಬರಲಿಲ್ಲ. ಮೈತ್ರೇಯಿ ಶರ್ಲಿಯ ಕತ್ತರಿ ತಂದು ಅದರ ಅಂಚನ್ನು ನೀಟಾಗಿ ಕತ್ತರಿಸಿಕೊಟ್ಟಳು. ಹನ್ನೊಂದು ವರ್ಷದಲ್ಲಿ ಆ ಕತ್ತರಿ ಮಾಡಿದ ಮೊದಲ ಕೆಲಸ ಅದು.

ಪಾಸಾಗಿತ್ತು. ಇಬ್ಬರ ಸಹಿಯೂ ಇತ್ತು. ಜೊತೆಗೆ ಇಬ್ಬರ ಅಭಿಪ್ರಾಯದ ಎರಡು ಹಾಳೆ. ಯೋಹಾನನ ಕೈಯ ಪಾತ್ರ ಅನಿವಾರ್ಯವೆಂದು ಅಭ್ಯರ್ಥಿ ಸೊಗಸಾಗಿ ತೋರಿಸಿದ್ದಾರೆ ಎಂದು ಕ್ರೂಗರ್ ಬರೆದಿದ್ದರು. ಕ್ರಿಯೆಯ ಒಡೆತನ ಮುಳುಗಿದವರದೇ ಎಂದು ಅಭ್ಯರ್ಥಿ ಸೊಗಸಾಗಿ ತೋರಿಸಿದ್ದಾರೆ ಎಂದು ಆಡ್ಲರ್ ಬರೆದಿದ್ದರು. ಕಸ್ತೂರಿ ಎರಡನ್ನೂ ಮೂರು ಮೂರು ಸಲ ಓದಿ, ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ತುಂಬ ಹೊತ್ತು ನಕ್ಕಳು.

"ಈಗ ಅವ್ರಿಬ್ರೂ ಗೆದ್ರು ಅಂತಾಯ್ತು" ಎಂದ ಉಮಾಕಾಂತ. "ಇನ್ನು ಹದಿನೈದು ವರ್ಷ ಜಗಳಕ್ಕೆ ನೀನೇ ಸರಕು ಕೊಟ್ಟೆ."

ಹಬ್ಬದ ಬೆಳಿಗ್ಗೆ ಎಂದಿನಂತೆ ಗಂಡನ ಸ್ನಾನವಾಯಿತು, ಮಗಳ ಸ್ನಾನವಾಯಿತು. ಕಸ್ತೂರಿ ತನ್ನ ತಲೆಗೆ ಎಣ್ಣೆ ತಟ್ಟಿಕೊಂಡು ಬಚ್ಚಲಿಗೆ ಹೋದರೆ, ಹನ್ನೊಂದು ವರ್ಷದ ಮೈತ್ರೇಯಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾತ್‌ಟಬ್ಬಿನ ಅಂಚಿನಲ್ಲಿ ಕುಳಿತಿದ್ದಳು. ಕೈಯಲ್ಲಿ ಚೊಂಬು. ಮೊಣಕೈಯನ್ನು ಬಕೆಟ್ಟಿನಲ್ಲಿ ಅದ್ದಿದ್ದಳು.

"ಯಾರು ಹೇಳ್ಕೊಟ್ರೇ ನಿಂಗೆ?"

"ಡ್ಯಾಡ್ ಟೋಲ್ಡ್ ಮಿ ಎವ್ರಿಥಿಂಗ್ ಯು ಸೆಡ್. ಸಿಟ್, ಅಮ್ಮಾ."

ಕಸ್ತೂರಿ ಕುಳಿತು ತಲೆ ಬಗ್ಗಿಸಿದಳು. ಮೊದಲ ಚೊಂಬು ಒಂದು ಕಿವಿಯೊಳಕ್ಕೇ ಹೋಯಿತು. ಎರಡನೆಯದು ನೆತ್ತಿಯ ಮೇಲೆ ಸರಿಯಾಗಿ ಬಿತ್ತು. ಬಿಸಿ ಹಿತವಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು, ಬಕೆಟ್ಟು ಬರಿದಾಗುವವರೆಗೆ ಹಾಗೇ ಕುಳಿತಳು. ಸಾಕು ಎನ್ನಲಿಲ್ಲ.

ಅಷ್ಟರಲ್ಲಿ ಹಬ್ಬದ ಶುಭಾಶಯ ಹೇಳಲು ಬ್ರಿಸ್ಬೇನಿನಿಂದ ಇಂದಿರಾ ಫೋನು ಮಾಡಿದರು. ಮೈತ್ರೇಯಿ ಓಡಿಹೋಗಿ ಎತ್ತಿದಳು. ಅಮ್ಮ ಎಲ್ಲಿ ಎಂದು ಅವರು ಕೇಳಿರಬೇಕು. ಬಚ್ಚಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಕಸ್ತೂರಿಗೆ ಮಗಳ ಉತ್ತರ ಕೇಳಿಸಿತು. ಒಂದೊಂದೇ ಅಕ್ಷರ ಹುಡುಕಿ ಜೋಡಿಸಿದ, ಒಂದೂ ತಪ್ಪಿಲ್ಲದ ಕನ್ನಡ.

"ಅಮ್ಮ ನೀರು ಹುಯ್ಯಿಸಿಕೊಂಡರು, ಆಂಟಿ." ಸ್ವಲ್ಪ ತಡೆದು ಸೇರಿಸಿದಳು. "ಬೈ ಮೀ."

ಡಾ. ಕ್ರೂಗರ್ ಇದ್ದಿದ್ದರೆ ಆ ಕೊನೆಯ ಎರಡು ಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದರು ಎಂದುಕೊಂಡು, ಕಸ್ತೂರಿ ಟವೆಲ್ ಬಿಗಿದುಕೊಂಡು ಫೋನಿನ ಕಡೆ ನಡೆದಳು.